ಬೀಜದಕ್ಕ

ಮಲೆನಾಡಿನ ಊರೂರಲ್ಲೂ ಒಬ್ಬ ಬೀಜದಕ್ಕ ಇರುತ್ತಾರೆ. ಅವರ ಹಿತ್ತಿಲಿನ ಸೌತೆಬಳ್ಳಿಯಲ್ಲಿ ಎಲ್ಲಕ್ಕಿಂತ ಚೆಂದದ ಕಾಯಿಗೆ ಹಳೇ ಸೀರೆಯ ಚೂರು ಕಟ್ಟಿರುತ್ತದೆ. ಅದನ್ನು ಮನೆಯವರು ಮುಟ್ಟುವಂತಿಲ್ಲ, ನೆಂಟರು ಹೊಗಳುವಂತಿಲ್ಲ, ದೃಷ್ಟಿಯಾದೀತು. ಯಜಮಾನರ ಹುಳಿಗೆ ಬೀಳುವುದು ಡೊಂಕು ಕಾಯಿಯೇ. "ಅದು ಬೀಜಕ್ಕೆ" ಎಂದ ಮೇಲೆ ಮೇಲ್ಮನವಿಗೆ ಜಾಗವಿಲ್ಲ. ಊರಿನವರು ಇದನ್ನು ಜುಗ್ಗತನ ಎನ್ನುತ್ತಾರೆ. ಆದರೆ ಒಳ್ಳೆಯದನ್ನೆಲ್ಲ ತಿಂದು, ಬಲಿತು ಉಳಿದ ಕೊಸರನ್ನೇ ವರ್ಷವರ್ಷ ಬಿತ್ತುವ ಮನೆಯಲ್ಲಿ ಕೊನೆಗೆ ಬೆಳೆಯುವುದು ಕೊಸರೇ. ಅಕ್ಕನ ಹಟಕ್ಕೆ ತಳಿ ಆಯ್ಕೆ ಎಂಬ ದೊಡ್ಡ ಹೆಸರು ಕೃಷಿ ಕಾಲೇಜಿನಲ್ಲಿದೆ. ಟೊಮೇಟೊ ತಿರುಳನ್ನು ಲೋಟದಲ್ಲಿ ಎರಡು ಮೂರು ದಿನ ಹುಳಿ ಬರಿಸಿ ಅಡುಗೆಮನೆಯನ್ನೆಲ್ಲ ನಾರಿಸುವುದೂ ಸುಮ್ಮನಲ್ಲ: ಬೀಜದ ಸುತ್ತಲಿನ ಲೋಳೆ ಮೊಳಕೆಯನ್ನು ತಡೆಯುತ್ತದೆ, ಹುಳಿ ಬಂದಾಗ ಅದು ಕರಗುತ್ತದೆ, ಜಳ್ಳು ತೇಲುತ್ತದೆ, ಗಟ್ಟಿ ಬೀಜ ತಳ ಹಿಡಿಯುತ್ತದೆ.

ಪೇಟೆಯ ಪ್ಯಾಕೆಟ್ ಬೀಜ ಒಂದೇ ಸಮ ಮೊಳೆತು ಒಟ್ಟಿಗೇ ಕಾಯಿ ಬಿಡುತ್ತದಲ್ಲ ಎಂದು ಸೊಸೆ ಕೇಳುತ್ತಾಳೆ. ನಿಜ. ಲಾರಿ ತುಂಬುವವರಿಗೆ ಅದು ವರ. ಐದು ಜನರ ಮನೆಯಲ್ಲಿ ಒಂದೇ ವಾರಕ್ಕೆ ಮೂವತ್ತು ಸೌತೆ ಬಂದರೆ ಶಿಕ್ಷೆ. ಮೇಲಾಗಿ ಹೈಬ್ರಿಡ್ ಗಿಡದ ಬೀಜ ಬಿತ್ತಿದರೆ ಮಕ್ಕಳು ಒಬ್ಬರಂತೆ ಒಬ್ಬರಿರುವುದಿಲ್ಲ, ಮತ್ತೆ ಅಂಗಡಿಗೇ ಹೋಗಬೇಕು. ಇದಕ್ಕಿಂತ ತೂಕದ ಆಕ್ಷೇಪ ಬೇರೆ ಇದೆ: ಒಂದೇ ಕಾಯಿಯ ಬೀಜವನ್ನು ನೆಚ್ಚಿದರೆ ವಂಶ ಸೊರಗುವುದಿಲ್ಲವೇ? ಅಲಸಂದೆಗೆ ಆ ಭಯ ಕಡಿಮೆ, ಅದು ಹೆಚ್ಚಾಗಿ ತನ್ನ ಹೂವಿನಲ್ಲೇ ಫಲ ಕಟ್ಟುತ್ತದೆ. ಜೇನು ತಿರುಗಾಡುವ ಸೌತೆ, ಹೀರೆ, ಕುಂಬಳದಲ್ಲಿ ಮಾತ್ರ ಆಕ್ಷೇಪ ಸರಿಯೇ. ನಾಲ್ಕಾರು ಬಳ್ಳಿಯ ಬೀಜ ಬೆರೆಸಬೇಕು. ಇಲ್ಲಿಯೇ ಜುಗ್ಗತನದ ಆರೋಪ ಪೂರಾ ಬಿದ್ದುಹೋಗುವುದು. ಅಕ್ಕ ಕಾಯಿ ಕೊಡಲು ಹಿಂದೆಮುಂದೆ ನೋಡಿದರೂ ಬೀಜ ಕೇಳಿದವರನ್ನು ಬರಿಗೈಲಿ ಕಳಿಸುವುದಿಲ್ಲ. ಕೊಟ್ಟ ಮೇಲೆ ವಿಚಾರಣೆ ಬಿಡುವುದೂ ಇಲ್ಲ. ಮದುವೆಮನೆಯಲ್ಲಿ ವಧೂವರರಿಗೆ ಅಕ್ಷತೆ ಹಾಕುತ್ತಲೇ "ನಮ್ಮನೆ ಹೀರೆ ಹಬ್ಬಿತೇನೇ?" ಎಂದು ಪಕ್ಕದವಳನ್ನು ತಿವಿಯುತ್ತಾರೆ. ತಮ್ಮ ಬಳ್ಳಿ ಕೊಳೆತ ವರ್ಷ ಆ ಮನೆಗಳಿಂದಲೇ ಹಕ್ಕಿನಿಂದ ವಸೂಲಿ, ಜೊತೆಗೆ ಬೇರೆ ಹಿತ್ತಿಲಿನ ಪರಾಗವೂ ಬಿಟ್ಟಿಯಾಗಿ ಬರುತ್ತದೆ.

ಇದೆಲ್ಲ ಕಾನೂನಿಗೆ ಒಪ್ಪಿಗೆಯೇ ಎಂದು ಓದಿದ ಮಗ ಹೆದರಿಸಬಹುದು. ಸಸ್ಯ ತಳಿ ಮತ್ತು ರೈತರ ಹಕ್ಕುಗಳ 2001ರ ಕಾಯ್ದೆ ಬೀಜ ಉಳಿಸುವ, ಬಿತ್ತುವ, ಹಂಚುವ, ಮಾರುವ ಹಕ್ಕನ್ನು ಬೆಳೆಗಾರರಿಗೆ ಕೊಟ್ಟಿದೆ. ಬ್ರಾಂಡ್ ಹಾಕಿ ಮಾತ್ರ ಮಾರಬಾರದು. ಅಕ್ಕನ ಬಾಟಲಿಗಳ ಮೇಲೆ ಹಾರ್ಲಿಕ್ಸ್ ಎಂದಿದೆ ನಿಜ, ಒಳಗಿರುವುದು ಯಾವ ಬೀಜ ಎಂದು ಅವರೊಬ್ಬರಿಗೇ ಗೊತ್ತು.