ಸಹ್ಯಾದ್ರಿಗೆ ಬಯಲು ತಾಲ್ಲೂಕುಗಳ ತಿಳಿವಳಿಕೆ ಪತ್ರ

ಮಹಾರಾಜಶ್ರೀ ಸಹ್ಯಾದ್ರಿ ಪರ್ವತದವರ ಸನ್ನಿಧಾನಕ್ಕೆ,

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳ ಪರವಾಗಿ ಅರಿಕೆ ಮಾಡುವುದೇನೆಂದರೆ, ಗಂಗಾಮೂಲದಲ್ಲಿ ಹುಟ್ಟಿದ ತುಂಗೆ ಮತ್ತು ಭದ್ರೆ ಕೂಡಲಿಯಲ್ಲಿ ಒಂದಾಗಿ ಹೊನ್ನಾಳಿಯ ಮಗ್ಗುಲಲ್ಲೇ ಹರಿಯುತ್ತಿದ್ದರೂ, ಭದ್ರಾ ನಾಲೆ ಚನ್ನಗಿರಿಯ ಅಡಿಕೆ ತೋಟಗಳನ್ನು ಸಾಕುತ್ತಿದ್ದರೂ, ನೀರು ಹುಟ್ಟುವುದು ಲಕ್ಕವಳ್ಳಿಯ ಅಣೆಕಟ್ಟೆಯ ತೂಬಿನಲ್ಲಿ ಎಂಬ ನಂಬಿಕೆ ಈ ಸೀಮೆಯಲ್ಲಿ ದೃಢವಾಗಿದೆ. ಮುಂಗಾರು ಹಿಡಿದೊಡನೆ ಚಹಾದಂಗಡಿಯಲ್ಲಿ ಪತ್ರಿಕೆ ಬಿಡಿಸಿದವರು ಮೊದಲು ಹುಡುಕುವುದು ಜಲಾಶಯದ ಮಟ್ಟವನ್ನು. ಅದು 186 ಅಡಿ ಮುಟ್ಟಿದರೆ ಬಾಗಿನ, ಮುಟ್ಟದಿದ್ದರೆ ನೀರಾವರಿ ಕಚೇರಿಗೆ ಮುತ್ತಿಗೆ. ಶೋಲಾ ಕಾಡಿಗೆ, ಅಂದರೆ ಘಟ್ಟದ ನೆತ್ತಿಯ ಹುಲ್ಲುಗಾವಲುಗಳ ನಡುವಣ ಕಣಿವೆಗಳಲ್ಲಿ ಬೆಳೆದು, ಮಳೆನೀರನ್ನು ನೆಲದೊಳಗೆ ತಡೆದು ಬೇಸಿಗೆಯವರೆಗೂ ಒಸರಿಸುವ ಗಿಡ್ಡ ಮರಗಳ ಅರಣ್ಯಕ್ಕೆ, ಯಾರೂ ಬಾಗಿನ ಕೊಟ್ಟಂತಿಲ್ಲ.

ಜಗಳೂರಿನ ತಕರಾರು ಬೇರೆ. ಮೋಡಗಳು ಘಟ್ಟದ ಪಡುವಣ ಮೈಯಲ್ಲೇ ಬರಿದಾಗಿ ಮೂಡಣ ಬಯಲು ಒಣಗುವುದನ್ನು ಭೂಗೋಳಜ್ಞರು ಮಳೆನೆರಳು ಎನ್ನುತ್ತಾರೆ. ಪರ್ವತದ ಈ ಪಕ್ಷಪಾತವನ್ನು ಸರಿಪಡಿಸಲೆಂದು ರೂಪುಗೊಂಡ ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ತುಂಗೆಯಿಂದ ಭದ್ರೆಗೆ 17.4 ಟಿಎಂಸಿ, ಭದ್ರೆಯಿಂದ ಬಯಲುಸೀಮೆಗೆ 29.9 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ನೀರೆತ್ತುವುದೆಂದು ನಿಗದಿಯಾಗಿದ್ದು, 2023–24ರ ಕೇಂದ್ರ ಬಜೆಟ್ಟಿನಲ್ಲಿ 5,300 ಕೋಟಿ ರೂಪಾಯಿಯ ಘೋಷಣೆಯೂ ಆಯಿತು. ಪಂಪು, ಸುರಂಗ, ಕಾಲುವೆಗಳ ಚರ್ಚೆ ವಿಧಾನಸೌಧದಿಂದ ಜಗಳೂರಿನ ಸಂತೆಯವರೆಗೂ ನಡೆದಿದೆ; ಎತ್ತಬೇಕಾದ ನೀರನ್ನು ಕೊಡುವ ಕಾಡಿನ ಸುದ್ದಿ ಎತ್ತಿದವರು ಅಪರೂಪ.

ಆ ಸುದ್ದಿ ಎತ್ತಿದ, ಘಟ್ಟದ ಪರಿಸರ ಕುರಿತ ಗಾಡ್ಗೀಳ್ ಸಮಿತಿಯ ವರದಿ 2011ರಲ್ಲೂ, ಅದನ್ನು ಸಾಕಷ್ಟು ತೆಳುವಾಗಿಸಿದ ಕಸ್ತೂರಿರಂಗನ್ ಸಮಿತಿಯ ವರದಿ 2013ರಲ್ಲೂ ಬಂದವು. ಗಣಿಗಾರಿಕೆ, ಕಲ್ಲು ಕ್ವಾರಿ, ಅತಿಮಾಲಿನ್ಯದ ಕೈಗಾರಿಕೆಗಳನ್ನು ನಿರ್ಬಂಧಿಸುವ ಪರಿಸರ ಸೂಕ್ಷ್ಮ ಪ್ರದೇಶಕ್ಕೆ ಕರ್ನಾಟಕದ 20,668 ಚದರ ಕಿಲೋಮೀಟರ್ ಸೇರಿಸುವ ಕೇಂದ್ರದ ಆರನೆಯ ಕರಡು ಅಧಿಸೂಚನೆ 2024ರ ಜುಲೈನಲ್ಲಿ ಹೊರಟಿತು. ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ಕಸ್ತೂರಿರಂಗನ್ ವರದಿಯನ್ನೇ ತಿರಸ್ಕರಿಸಿತು. ಒಕ್ಕಲೆಬ್ಬಿಸುತ್ತಾರೆಂಬ ಮಲೆನಾಡಿನ ರೈತರ ಅಂಜಿಕೆ ಸುಳ್ಳಲ್ಲ. ಆದರೆ ಅದನ್ನು ಮಾತುಕತೆಯಿಂದ ಕಳೆಯುವುದಕ್ಕಿಂತ ಚುನಾವಣೆಯವರೆಗೆ ಕಾಪಿಡುವುದೇ ಎಲ್ಲ ಪಕ್ಷಗಳಿಗೂ ಲಾಭಕರವಾಗಿ ಕಂಡಿದೆ. ದಾವಣಗೆರೆ ಜಿಲ್ಲೆಯ ಒಂದು ಹಳ್ಳಿಯೂ ಆ ಕರಡಿನ ಪಟ್ಟಿಯಲ್ಲಿ ಇಲ್ಲದಿರುವುದರಿಂದ, ಘಟ್ಟದ ನೀರನ್ನೇ ನಂಬಿರುವ ಈ ನಾಲ್ಕು ತಾಲ್ಲೂಕುಗಳು ಪ್ರಕರಣ ತಮಗೆ ಸಂಬಂಧಿಸಿದ್ದಲ್ಲವೆಂದು ನಿಶ್ಚಿಂತೆಯಿಂದಿವೆ.

ಆದಕಾರಣ ಪರ್ವತದವರು ಕಾಡು ಇರಲಿ ಬಿಡಲಿ, ಮೃಗಶಿರಾ ಮಳೆಯಿಂದಲೇ ಒಳಹರಿವು ಆರಂಭಿಸಿ, ಹೊನ್ನಾಳಿಯ ತಗ್ಗಿನ ಮನೆಗಳಿಗೆ ನೀರು ನುಗ್ಗದಂತೆಯೂ ಚನ್ನಗಿರಿಯ ತೋಟಗಳಿಗೆ ಟ್ಯಾಂಕರ್ ತರಿಸುವ ಪ್ರಮೇಯ ಬಾರದಂತೆಯೂ ಹದವರಿತು ಹರಿಸಬೇಕಾಗಿ ಕೋರಲಾಗಿದೆ. ತಪ್ಪಿದಲ್ಲಿ ಪರ್ವತದವರ ವಿರುದ್ಧ ತಾಲ್ಲೂಕು ಕಚೇರಿಗಳ ಮುಂದೆ ಧರಣಿ ನಡೆಸಲಾಗುವುದು.

ಇಂತಿ,
ನಾಲೆಯ ಕೊನೆಯ ಭಾಗದವರು