ಪುಕಟ ಸಲಹಾ ಮೀಮಾಂಸೆ

ಅಥವಾ, ಕಾಗಿಣಾ ತೀರದ ಜಾಣ್ಮೆಯನ್ನು ಅಂತರ್ಜಾಲದಲ್ಲಿ ರೊಕ್ಕ ಮಾಡುವ ಶಾಸ್ತ್ರ, ಕೋರ್ಸ್-ಖಂಡನ ಸಹಿತ

ಪೀಠಿಕೆ

ಶಾಸ್ತ್ರಗ್ರಂಥ ಬರೆಯಲು ಕೂತವನು ಮೊದಲು ನಾಲ್ಕು ಪ್ರಶ್ನೆಗೆ ಉತ್ತರ ಕೊಡಬೇಕೆಂಬುದು ಹಿರಿಯರ ಕಟ್ಟಳೆ. ವಿಷಯ ಏನು? ನಿಮಗೆ ಗೊತ್ತಿರುವುದು. ಪ್ರಯೋಜನ ಏನು? ರೊಕ್ಕ. ಇವೆರಡಕ್ಕೂ ಸಂಬಂಧ ಏನು? ಈವರೆಗೆ ಕಂಡುಬಂದಿಲ್ಲ. ಓದಲು ಅಧಿಕಾರಿ ಯಾರು? ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಸೀಮೆಯ ಯಾವುದೇ ಚಹಾದಂಗಡಿಯ ಬೆಂಚಿನ ಮೇಲೆ ಕೂತು, ಎದುರಿನವನ ತೊಗರಿಗೆ ಬಿದ್ದ ಕೀಡೆ, ಮಗಳ ಲಗ್ನ, ಸೊಂಟನೋವು, ಪಹಣಿಯ ತಕರಾರು ನಾಲ್ಕಕ್ಕೂ ಒಂದೇ ಕಪ್ಪಿನಲ್ಲಿ ಪರಿಹಾರ ಹೇಳಿ, ಆ ಕಪ್ಪಿನ ದುಡ್ಡನ್ನೂ ತಾನೇ ಕೊಟ್ಟು ಎದ್ದು ಬರುವ ಪ್ರತಿಯೊಬ್ಬರೂ.

ಪುಕಟ ಸಲಹೆ ಮೂರು ವಿಧ. ಕೇಳಿದ್ದಕ್ಕೆ ಹೇಳಿದ್ದು, ಕೇಳದೆ ಹೇಳಿದ್ದು, ‘ಬ್ಯಾಡ್ರಿ’ ಅಂದರೂ ಹೇಳಿದ್ದು. ಮೂರನೆಯದರ ಇಳುವರಿ ನಮ್ಮ ಸೀಮೆಯಲ್ಲಿ ತೊಗರಿಗಿಂತ ಹೆಚ್ಚು. ಗುಲ್ಬರ್ಗಾ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಸಲಹೆಗೆ ಇನ್ನೂ ಯಾರೂ ಅರ್ಜಿ ಹಾಕಿಲ್ಲ. ಆ ಕೊರತೆ ನೀಗಿಸಲು ಈ ಗ್ರಂಥ.

ಪೂರ್ವಪಕ್ಷ

‘ಗೊತ್ತಿದ್ದನ್ನು ಹತ್ತು ವಿಡಿಯೋ ಮಾಡು, ಕೋರ್ಸ್ ಅಂತ ಹೆಸರಿಡು, ಮಾರು’ ಎಂಬುದು ಪೂರ್ವಪಕ್ಷಿಯ ಮತ. ಈತ ಬಿಳಿ ಗೋಡೆಯ ಮುಂದೆ ಕೂತಿರುತ್ತಾನೆ. ಬೆನ್ನ ಹಿಂದೆ ಒಂದು ಕುಂಡ, ಕುಂಡದಲ್ಲಿ ಪ್ಲಾಸ್ಟಿಕ್ ಗಿಡ. ಇವನ ಮತಕ್ಕೆ ಮೂರು ದೋಷಗಳುಂಟು.

ಮೊದಲನೆಯದು ಅನವಸ್ಥಾ ದೋಷ. ಅವನು ಮಾರುವ ಕೋರ್ಸು ಕೋರ್ಸ್ ಮಾಡುವುದು ಹೇಗೆಂಬುದರ ಕುರಿತು. ಅದನ್ನು ಕೊಂಡವನು ಅದೇ ವಿಷಯದ ಮೇಲೆ ಇನ್ನೊಂದು ಮಾಡುತ್ತಾನೆ. ಈ ಸಾಲಿನ ಕಟ್ಟಕಡೆಯಲ್ಲಿ ಏನನ್ನಾದರೂ ಬಲ್ಲವನೊಬ್ಬ ನಿಂತಿರಬೇಕಲ್ಲ, ಅವನು ಈವರೆಗೆ ಸಿಕ್ಕಿಲ್ಲ. ಎರಡನೆಯದು ಆತ್ಮಾಶ್ರಯ. ಕೋರ್ಸಿನಿಂದ ಗಳಿಸಬಹುದು ಎಂಬುದಕ್ಕೆ ಅವನು ಕೊಡುವ ಏಕೈಕ ಪ್ರಮಾಣ, ಆ ಕೋರ್ಸಿನಿಂದ ಅವನು ಗಳಿಸಿದ್ದು. ಮೂರನೆಯದು ಅತಿವ್ಯಾಪ್ತಿ. ಅಡುಗೆಮನೆಯ ಒಂದು ಕಲ್ಲು ಅಲುಗಾಡುತ್ತಿರುವವನಿಗೆ ಬೇಕಾದದ್ದು ಆ ಕಲ್ಲು ಕೀಳಬೇಕೋ ಬ್ಯಾಡೋ ಎಂಬ ಒಂದೇ ಮಾತು. ಅವನಿಗೆ ಸುಣ್ಣಕಲ್ಲಿನ ಉತ್ಪತ್ತಿಯಿಂದ ಶುರುವಾಗುವ ನಲವತ್ತು ಪಾಠ ಕೊಡುವುದು, ಹಸಿದವನ ಕೈಗೆ ಜೋಳದ ಬೀಜ ಕೊಟ್ಟಂತೆ.

ಆದಕಾರಣ ಪೂರ್ವಪಕ್ಷ ಬಿತ್ತು. ಕುಂಡ ಮಾತ್ರ ನಿಂತಿದೆ.

ಸೇಡಂ ಸೂತ್ರ: ಬರೆ, ಹೆಸರು ಬಿಡು, ಇಲ್ಲವೆ ಬರೆದದ್ದನ್ನು ಬಿಡಿಸು

ಸೇಡಂ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟರ ಮಾನ್ಯಖೇಟ. ಸುಮಾರು 850ರಲ್ಲಿ ಕವಿರಾಜಮಾರ್ಗ ಹುಟ್ಟಿದ್ದು ಇಲ್ಲಿನ ಆಸ್ಥಾನದಲ್ಲಿ. ಬರೆದವನು ಅಮೋಘವರ್ಷ ನೃಪತುಂಗನೋ ಶ್ರೀವಿಜಯನೋ ಎಂದು ಪಂಡಿತರು ಬಹುಕಾಲ ಹೋರಾಡಿದರು. ಈ ವಿವಾದ ನಮ್ಮ ಶಾಸ್ತ್ರದಲ್ಲಿ ಎರಡು ನಿಮಿಷದ್ದು. ಕೆಲಸ ಒಬ್ಬನದು, ಹೆಸರು ಇನ್ನೊಬ್ಬನದು, ಸಂಭಾವನೆ ಬೊಕ್ಕಸದ್ದು. ಇಂದು ಕಂಪನಿ ಮುಖ್ಯಸ್ಥರ ಭಾಷಣ, ವೈದ್ಯರ ಅಂಕಣ, ರಾಜಕಾರಣಿಯ ಟ್ವೀಟು ಬರೆದುಕೊಡುವವರೆಲ್ಲ ಶ್ರೀವಿಜಯನ ಸಂತಾನ. ವಿಷಯ ಬಲ್ಲವನು ಹೀಗೆ ಬರೆದುಕೊಟ್ಟರೆ ಕೋರ್ಸು ಮಾರುವವನಿಗಿಂತ ನೆಮ್ಮದಿಯಾಗಿ ಉಣ್ಣಬಹುದು. ಸಾವಿರ ವರ್ಷದ ನಂತರ ಪಂಡಿತರು ಹೆಸರನ್ನೂ ಹುಡುಕಿಕೊಡುತ್ತಾರೆ.

ಎರಡನೆಯ ದಾರಿ ಟೀಕೆ. ಮಳಖೇಡದ ನಂಟಿನ ಜಯತೀರ್ಥರು ಮಧ್ವರ ಗ್ರಂಥಗಳಿಗೆ ಟೀಕೆ ಬರೆದೇ ಟೀಕಾಚಾರ್ಯರಾದರು. ಶಹಾಬಾದದ ಬಳಿಯ ಮರತೂರು ತನ್ನವನೆಂದು ಹೇಳಿಕೊಳ್ಳುವ ವಿಜ್ಞಾನೇಶ್ವರ, ಕಲ್ಯಾಣದ ಚಾಲುಕ್ಯ ವಿಕ್ರಮಾದಿತ್ಯನ ಆಶ್ರಯದಲ್ಲಿ ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ಬರೆದ. 1810ರಲ್ಲಿ ಕೋಲ್‌ಬ್ರೂಕ್ ಅದರ ದಾಯವಿಭಾಗವನ್ನು ಇಂಗ್ಲಿಷಿಗೆ ತಂದ ಮೇಲೆ, ಬಂಗಾಳದ ಕಡೆ ಬಿಟ್ಟು ದೇಶದ ಬಹುಪಾಲು ಅಣ್ಣ-ತಮ್ಮಂದಿರ ಜಗಳ ಈ ಟೀಕೆಯ ಮೇಲೆಯೇ ನಡೆಯಿತು. ಎಷ್ಟು ವಕೀಲರ ಮನೆಗೆ ಮಾಳಿಗೆ ಎದ್ದಿತೋ ಲೆಕ್ಕವಿಲ್ಲ. ಮರತೂರಿಗೆ ಅದರಿಂದ ಒಂದು ಇಟ್ಟಿಗೆಯೂ ಬರಲಿಲ್ಲ.

ಇದರ ಅನ್ವಯ ಹೀಗೆ. ಸರಕಾರದ ಸುತ್ತೋಲೆಯೂ ಒಂದು ಸ್ಮೃತಿ. ಅರ್ಥವಾಗಬಾರದೆಂಬ ಎಚ್ಚರದಿಂದಲೇ ಬರೆದಿರುತ್ತಾರೆ. ಬೆಳೆ ವಿಮೆಯ ಷರತ್ತು, ಪಹಣಿ ತಿದ್ದುಪಡಿಯ ನಿಯಮ, ಟೆಂಡರಿನ ಕೊನೆಯ ಪುಟ ಇವನ್ನು ನಿವೃತ್ತ ಗುಮಾಸ್ತನೊಬ್ಬ ವಾರಕ್ಕೊಮ್ಮೆ ಬಿಡಿಸಿ ಬರೆದು ಚಂದಾದಾರರ ಫೋನಿಗೆ ಕಳಿಸಲಿ. ತಿಂಗಳಿಗೆ 50 ರೂಪಾಯಿ ಕೊಡುವ ನೂರು ಜನ ಸಿಕ್ಕರೆ 5,000. ಪುಕಟ ಕಳಿಸಿದರೆ? ಇದಕ್ಕೆ ಅಮೋಘವರ್ಷನನ್ನು ಹೊಗಳಿ ಗಣಿತಸಾರಸಂಗ್ರಹ ಆರಂಭಿಸಿದ ಮಹಾವೀರಾಚಾರ್ಯನೇ ಪ್ರಮಾಣ. ಸೊನ್ನೆಯಿಂದ ಭಾಗಿಸಿದರೂ ಸಂಖ್ಯೆ ಬದಲಾಗದು ಎಂದನವನು. ಇಂದಿನ ಗಣಿತದವರು ಇದನ್ನು ತಪ್ಪೆನ್ನುತ್ತಾರೆ. ಅವರು ವಾಟ್ಸಾಪ್ ನೋಡಿಲ್ಲ. 5,000 ಫಾರ್ವರ್ಡನ್ನು ಸೊನ್ನೆ ರೂಪಾಯಿಯಿಂದ ಭಾಗಿಸಿದರೆ 5,000 ಫಾರ್ವರ್ಡೇ ಉಳಿಯುತ್ತದೆ.

ಚಿತ್ತಾಪುರ ಸೂತ್ರ: ಕಲಿಸುವವನ ಪಕ್ಕದಲ್ಲಿ ಜೋಡಿಸುವವನಿಗೂ ಜಾಗ ಉಂಟು

ಚಿತ್ತಾಪುರದ ಮಗ್ಗುಲಿನ ನಾಗಾವಿಯ ಘಟಿಕಾಸ್ಥಾನ ಆ ಕಾಲದ ವಿಶ್ವವಿದ್ಯಾಲಯ. 1058ರ ಶಾಸನ ವೇದ-ಶಾಸ್ತ್ರ ಹೇಳುವವರ ಜೊತೆಗೆ ಆರು ಮಂದಿ ಸರಸ್ವತೀ ಭಂಡಾರಿಗರನ್ನೂ ಲೆಕ್ಕ ಹಿಡಿದು ಹೆಸರಿಸುತ್ತದೆ. ಭಂಡಾರಿಗ ಪಾಠ ಹೇಳುವವನಲ್ಲ. ಯಾವ ಓಲೆ ಯಾವ ಕಟ್ಟಿನಲ್ಲಿದೆ ಎಂದು ಬಲ್ಲವನು. ಇಂದು ಈತನ ಕಸುಬಿಗೆ ಟೆಂಪ್ಲೇಟ್ ಎನ್ನುತ್ತಾರೆ. ಬಾಡಿಗೆ ಕರಾರಿನ ನಮೂನೆ, ಖಣಿಯ ಲೋಡಿನ ಲೆಕ್ಕದ ಹಾಳೆ, ಮಾಹಿತಿ ಹಕ್ಕಿನ ಅರ್ಜಿ. ಒಮ್ಮೆ ಮಾಡಿಟ್ಟರೆ ಮಾರುವವನು ಮಲಗಿದ್ದಾಗಲೂ ಮಾರಾಟವಾಗುವ ಸರಕು. ಜನ ಕಲಿಯಲು ರೊಕ್ಕ ಕೊಡಲು ಹಿಂದೆಮುಂದೆ ನೋಡುತ್ತಾರೆ. ಕಲಿಯದೆ ಪಾರಾಗಲು ತಕ್ಷಣ ಕೊಡುತ್ತಾರೆ.

ಇದೇ ಕಡೆಯ ಸನ್ನತಿ ಎಚ್ಚರಿಕೆಯ ಉದಾಹರಣೆ. ಅಶೋಕ ಕಲ್ಲಿನ ಮೇಲೆ ಕೆತ್ತಿಸಿದ ಧರ್ಮಸಂದೇಶ ಪುಕಟ ಸಲಹೆಯ ರಾಜಯೋಗ. ಮುಂದೆ ಆ ಕಲ್ಲನ್ನೇ ಚಂದ್ರಲಾಂಬಾ ಆವರಣದ ಕಾಳಿ ಮೂರ್ತಿಗೆ ಪೀಠ ಮಾಡಿದರು. ಗುಡಿಯ ಚಾವಣಿ ಕುಸಿದು ಮೂರ್ತಿ ಭಗ್ನವಾದಾಗಲೇ ಕೆಳಗಿದ್ದ ಅಕ್ಷರ ಹೊರಬಂದದ್ದು. ಸಾಮ್ರಾಟನ ಪೋಸ್ಟ್ ಜನರಿಗೆ ಮುಟ್ಟಲು ಎರಡು ಸಾವಿರ ವರ್ಷ ಮತ್ತು ಒಂದು ಚಾವಣಿ ಬೇಕಾಯಿತೆಂದಮೇಲೆ, ‘ನಿನ್ನೆ ಹಾಕೀನಿ, ಯಾರೂ ನೋಡಿಲ್ಲ’ ಎಂದು ಕೊರಗುವವರು ಸುಮ್ಮನಿರಬೇಕು.

ವಾಡಿ ನಿಯಮ: ಬಂದವರೆಲ್ಲ ಇಳಿದವರಲ್ಲ

1874ರಲ್ಲಿ ಸಿಕಂದರಾಬಾದಿನ ನಿಜಾಮರ ರೈಲು ವಾಡಿಗೆ ಬಂದು ಮುಂಬೈ–ಮದ್ರಾಸ್ ಹಾದಿಗೆ ಕೂಡಿತು. ಅಂದಿನಿಂದ ಅರ್ಧ ಭಾರತ ವಾಡಿಯನ್ನು ನೋಡಿದೆ, ಕಿಟಕಿಯಿಂದ. ಮಧ್ಯರಾತ್ರಿ ಕಣ್ಣುಜ್ಜಿ ‘ಯಾವ ಸ್ಟೇಷನ್?’ ಎಂದು ಕೇಳಿ, ‘ವಾಡಿ’ ಎಂಬ ಉತ್ತರ ಸಿಕ್ಕ ಕೂಡಲೇ ಮತ್ತೆ ಮಲಗಿದವರನ್ನೂ ಲೆಕ್ಕ ಹಿಡಿದರೆ ವಾಡಿಯ ವೀಕ್ಷಣೆ ಕೋಟಿ ದಾಟೀತು. ಊರಿಗೆ ಅದರಿಂದ ಬಂದದ್ದು ನಾಲ್ಕು ಕಪ್ಪು ಚಹಾದ ವ್ಯಾಪಾರ.

ವೀಕ್ಷಣೆಯನ್ನೇ ನಂಬಿದವರಿಗೆ ಯೂಟ್ಯೂಬಿನ ಕಟ್ಟಳೆ ಗೊತ್ತಿರಲಿ. ಉದ್ದ ವಿಡಿಯೋಗಳ ಹಾದಿಯಲ್ಲಿ ಜಾಹೀರಾತಿನ ಪಾಲು ಬೇಕೆಂದರೆ 1,000 ಚಂದಾದಾರರು, ಜೊತೆಗೆ ಹನ್ನೆರಡು ತಿಂಗಳಲ್ಲಿ 4,000 ಗಂಟೆ ನೋಟ. ಅಂದರೆ ಒಬ್ಬ ಬೀಗರನ್ನು ಕೂಡಿಸಿ ಹಗಲು-ರಾತ್ರಿ 167 ದಿನ ತೋರಿಸಬೇಕು. ಇಂಥ ಬೀಗರು ಇದ್ದರೆ ಬೇರೆ ಉದ್ಯೋಗವೇ ಬೇಡ. ಹಾದುಹೋಗುವ ಹತ್ತು ಸಾವಿರಕ್ಕಿಂತ ಇಳಿದು ಬಾಗಿಲು ಬಡಿಯುವ ಹತ್ತು ಮಂದಿ ಮೇಲು. ಸಿಮೆಂಟ್ ಕಾರ್ಖಾನೆಯ ಕುಲುಮೆ ಮುಂದೆ ನೀಲಿ ಗಾಜು ಹಿಡಿದು ಬೆಂಕಿಯ ಬಣ್ಣ ನೋಡುತ್ತ ಸರ್ವಿಸು ಮುಗಿಸಿದವನ ಮಾತು ಕೇಳಲು ಲಕ್ಷ ಜನ ಬೇಕಿಲ್ಲ. ಕುಲುಮೆ ಕೈಕೊಟ್ಟ ಒಬ್ಬ ಮ್ಯಾನೇಜರ್ ಸಾಕು. ಅವನು ಗಂಟೆ ಲೆಕ್ಕದಲ್ಲಿ ಫೋನಿಗೇ ರೊಕ್ಕ ಕೊಡುತ್ತಾನೆ.

ಚಿಂಚೋಳಿ ಸೂತ್ರ: ಏನೂ ಬಾರದವನಿಗೆ ಮಾತಾದರೂ ಬರುತ್ತದೆ

‘ನನಗ ಏನೂ ಬರಲ್ರಿ’ ಎನ್ನುವವರಿಗಾಗಿ ಈ ಸೂತ್ರ. ಚಿಂಚೋಳಿಯಲ್ಲಿ ಒಂದು ವಾಕ್ಯ ಕನ್ನಡದಲ್ಲಿ ಹೊರಟು, ದಖನಿಯಲ್ಲಿ ಚಹಾ ಕುಡಿದು, ತೆಲುಗಿನಲ್ಲಿ ಇಳಿಯುತ್ತದೆ. ತಾಂಡಾ ಹಾದಿ ಹಿಡಿದರೆ ಲಂಬಾಣಿಯಲ್ಲೂ ಒಂದು ಸ್ಟಾಪು. ಆಡುವವನಿಗೆ ಇದು ಪರಿಣತಿ ಎಂದೇ ಗೊತ್ತಿಲ್ಲ. ಯಂತ್ರಕ್ಕೆ ಗೊತ್ತು. ಫೋನಿಗೆ ‘ಬರ್ಲಾಕತ್ತೀನಿ’ ಎಂದು ಹೇಳಿ ನೋಡಿ, ಅದು ಬೆವರುತ್ತದೆ. ಯಂತ್ರಗಳಿಗೆ ಮಾತು ಕಲಿಸಲು ಬೆಂಗಳೂರಿನ ‘ಕಾರ್ಯ’ ಎಂಬ ಸಂಸ್ಥೆ ರಾಜ್ಯದ ದಕ್ಷಿಣದ ಹಳ್ಳಿಗರ ಕೈಗೆ ಫೋನು ಕೊಟ್ಟು ಕನ್ನಡ ವಾಕ್ಯಗಳನ್ನು ಓದಿಸಿ, ಗಂಟೆಗೆ ಸುಮಾರು 5 ಡಾಲರ್ ಕೊಟ್ಟಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ‘ವಾಣಿ’ ಯೋಜನೆ ಜಿಲ್ಲೆ ಜಿಲ್ಲೆಯ ಮಾತು ಕೂಡಿಹಾಕುತ್ತಿದೆ. ಇಷ್ಟು ದಿನ ‘ನಿಮ್ಮ ಕನ್ನಡ ಒಂಥರಾ’ ಎನ್ನಿಸಿಕೊಂಡವರು ಆ ಒಂಥರಾಕ್ಕೇ ದರ ಹೇಳುವ ಕಾಲ ಬಂದಿದೆ.

ಪ್ರತಿಬಂಧಕ ಪ್ರಕರಣ

ಇಷ್ಟೆಲ್ಲ ದಾರಿ ಇದ್ದೂ ರೊಕ್ಕ ಯಾಕೆ ಬರುತ್ತಿಲ್ಲ? ಇಂಟರ್ನೆಟ್ಟು ಕಾರಣವಲ್ಲ, ಇಂಗ್ಲಿಷು ಕಾರಣವಲ್ಲ. ತೆರಿಗೆಯೂ ಅಲ್ಲ, ವರ್ಷಕ್ಕೆ 20 ಲಕ್ಷದೊಳಗಿನ ಸೇವೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿಯೇ ಬೇಡ, ನಮ್ಮ ಪೀಠಿಕೆಯ ಅಧಿಕಾರಿಗಳು ಆ ಗಡಿಯಿಂದ ಸುರಕ್ಷಿತ ದೂರದಲ್ಲಿದ್ದಾರೆ. ಕಾರಣ ಒಂದೇ ವಾಕ್ಯ: ‘ಅಯ್ಯ, ನಿಮ್ಮ ಹತ್ರ ಏನ್ ತಗೋಳದ್ರಿ!’ ಈ ಸೀಮೆಯಲ್ಲಿ ಆಡುವ ವಾಕ್ಯಗಳಲ್ಲಿ ಅತ್ಯಂತ ದುಬಾರಿಯಾದದ್ದು ಇದು. ನಾನೂ ಆಡಿದ್ದೇನೆ, ಕಳೆದ ವಾರವೇ ಎರಡು ಸಲ.

ಶಹಾಬಾದ ದೃಷ್ಟಾಂತ

ಈ ವಾಕ್ಯವನ್ನು ಆಡದ ಒಬ್ಬನನ್ನು ಮಾತ್ರ ಬಲ್ಲೆ. ಶಹಾಬಾದದ ಗೌಂಡಿ, ಹರೆಯದಿಂದ ಫರಸಿ ಹಾಸಿದವನು. ಶಹಾಬಾದಿ ಎಂಬ ಹೆಸರು ಪುಣೆ-ಮುಂಬೈಯ ಹಳೆಯ ಮನೆಗಳ ನೆಲಕ್ಕೆಲ್ಲ ಅಂಟಿದೆ. ಒಂದು ಸಂಜೆ ಅವನ ಪಕ್ಕ ಕೂತಿದ್ದೆ. ಪುಣೆಯಿಂದ ವಿಡಿಯೋ ಕರೆ. ನಮ್ಮ ಕಡೆಯವರೇ, ಅಲ್ಲಿ ಮನೆ ಕಟ್ಟಿದವರು. ನೆಲದ ಕಲ್ಲು ತೋರಿಸಿದರು. ಇವನು ಫೋನಿನ ಪರದೆ ನೋಡಲಿಲ್ಲ, ಕಿವಿಗೆ ಹಿಡಿದ.

‘ನಾಣ್ಯದಿಂದ ಬಡೀರಿ. ಮೂಲ್ಯಾಗ.’

ಠಣ್.

‘ನಡುವ.’

ಠಣ್.

‘ಬಾಗಲ ಕಡಿಗಿ.’

ಬದ್.

‘ಅದೊಂದೇ ಕೀಳ್ರಿ. ಕೆಳಗ ಮಾಲು ಕುಂತಿಲ್ಲ, ಟೊಳ್ಳದ. ಉಳಿದವ್ಕ ಕೈ ಹಚ್ಚಬ್ಯಾಡ್ರಿ. ಇನ್ನೂರ ರೂಪಾಯಿ ಹಾಕ್ರಿ.’

ಆ ಕಡೆ ಕ್ಷಣ ಮೌನ. ‘ಬರೇ ಸಪ್ಪಳ ಕೇಳಿದ್ದಕ್ಕ?’

‘ಸಪ್ಪಳ ನಿಮ್ದರಿ. ಕಿವಿ ನಂದು.’

ಫೋನು ಟಿಂಗ್ ಎಂದಿತು. ಒಂದು ಕಲ್ಲು ಬಚಾವಾದರೂ ಆ ಮನೆಯವರಿಗೆ ಇನ್ನೂರು ಸೋವಿಯೇ. ನನ್ನ ಶಾಸ್ತ್ರದ ನಾಲ್ಕೂ ಸೂತ್ರಗಳು ಇವನಲ್ಲಿ ನಡೆದಾಡುತ್ತಿವೆ ಎಂದು ರೋಮಾಂಚನವಾಗಿ, ಅಲ್ಲಿಯೇ ಈ ಗ್ರಂಥವನ್ನು ಸಂಕಲ್ಪ ಮಾಡಿದೆ.

ಫಲಶ್ರುತಿ

ಗ್ರಂಥ ಮುಗಿದ ದಿನ ಅದನ್ನು ಓದಿ ರೆಕಾರ್ಡ್ ಮಾಡಿ ಗೌಂಡಿಗೇ ಕಳಿಸಿದೆ. ‘ಕೇಳಿ ಅಭಿಪ್ರಾಯ ಹೇಳು’ ಎಂದೆ. ಮರುತ್ತರವಾಗಿ ಒಂದು ಕ್ಯೂಆರ್ ಕೋಡ್ ಬಂತು. ‘ನಮ್ಮ ನಿಮ್ಮ ನಡುವೆ ಏನಪ್ಪ’ ಎನ್ನಬೇಕೆಂದುಕೊಂಡೆ. ಆದರೆ ಪ್ರತಿಬಂಧಕ ಪ್ರಕರಣ ಬರೆದವನು ನಾನೇ. ಇನ್ನೂರು ಹಾಕಿದೆ.

ಅರ್ಧ ಗಂಟೆಗೆ ಅವನ ಧ್ವನಿ ಬಂತು.

‘ಪೂರಾ ಕೇಳೀನ್ರಿ. ಪೀಠಿಕಿ ಠಣ್ ಅಂತದ. ಪಂಡಿತರ ಸುದ್ದಿ ಬರೋಕಡಿ ಬದ್ ಅಂತದ, ಅದೊಂದ್ ಕೀಳ್ರಿ.’

ಕಿತ್ತಿಲ್ಲ. ಕಿತ್ತರೆ ಗ್ರಂಥದಲ್ಲಿ ಉಳಿಯುವುದು ಅವನೊಬ್ಬನೇ.