ಎರಡೂ ಕಡೆ ಒಂದೇ ಮುಖ: ಟೈಪ್-ಸಿ ಜೊತೆ ಮಾತುಕತೆ

ಬ್ರಸೆಲ್ಸ್‌ನ ಲಕ್ಸೆಂಬರ್ಗ್ ಚೌಕದಲ್ಲಿ, ಯುರೋಪಿಯನ್ ಸಂಸತ್ತಿನ ಎದುರಿಗೇ, ಸಾಲು ಕೆಫೆಗಳಿವೆ. ಗುರುವಾರ ಸಂಜೆ ಸಂಸತ್ತಿನ ಸಿಬ್ಬಂದಿ, ಲಾಬಿಗಾರರು, ತರಬೇತಿಗೆ ಬಂದ ಹುಡುಗ ಹುಡುಗಿಯರು ಬಿಯರ್ ಲೋಟ ಹಿಡಿದು ನಿಂತರೆಂದರೆ ಅಮೆರಿಕ, ಚೀನಾ, ಮುಕ್ತ ಮಾರುಕಟ್ಟೆ, ಕೃತಕ ಬುದ್ಧಿಮತ್ತೆ ಎಲ್ಲದರ ಹಣೆಬರಹವೂ ಅಲ್ಲೇ ಇತ್ಯರ್ಥವಾಗುತ್ತದೆ. ನಮ್ಮ ಅರಳಿಕಟ್ಟೆಗೂ ಆ ಚೌಕಕ್ಕೂ ವ್ಯತ್ಯಾಸ ಇಷ್ಟೇ: ಅಲ್ಲಿ ಆಡಿದ ಮಾತು ಒಮ್ಮೊಮ್ಮೆ ಕಾನೂನಾಗಿಬಿಡುತ್ತದೆ. ಈ ಮಾತನ್ನೆಲ್ಲ ಮೇಜಿನ ಮೇಲೆ ಮಲಗಿಕೊಂಡೇ ಕೇಳಿಸಿಕೊಳ್ಳುವವರು ಟೈಪ್-ಸಿ ಸಾಹೇಬರು. ಮೈತುಂಬ 24 ಪಿನ್ನು. ಹೇಗೆ ತಿರುಗಿಸಿದರೂ ಒಂದೇ ಮುಖ, ರಾಜಕಾರಣಕ್ಕೆ ಹೇಳಿ ಮಾಡಿಸಿದ ಗುಣ. 2024ರ ಡಿಸೆಂಬರ್ 28ರಿಂದ ಯುರೋಪಿಯನ್ ಒಕ್ಕೂಟದಲ್ಲಿ ಮಾರಾಟಕ್ಕೆ ಬರುವ ಹೊಸ ಮೊಬೈಲುಗಳಿಗೆ ತಂತಿ ಹಚ್ಚುವ ಬಾಯಿ ಇವರದೇ ಆಗಿರಬೇಕು. ಸಂದರ್ಶನಕ್ಕೆ ಒಪ್ಪಿದರು. ಯಾರಾದರೂ ಬಂದು ಕಿತ್ತುಕೊಂಡರೆ ಮಾತು ಅರ್ಧಕ್ಕೇ ನಿಂತೀತು ಎಂದಷ್ಟೇ ಎಚ್ಚರಿಸಿದರು.

ಪ್ರಶ್ನೆ: ನಿಮ್ಮನ್ನು ಯುರೋಪಿನ ಹೆಮ್ಮೆಯ ಕೂಸು ಅನ್ನುತ್ತಾರಲ್ಲ?

ಟೈಪ್-ಸಿ: ಹೆತ್ತವರು ಬೇರೆ, ಹೆಸರಿಟ್ಟವರು ಬೇರೆ. ನಮ್ಮ ಯುಎಸ್‌ಬಿ ವಂಶ ಶುರುವಾದದ್ದು ಅಮೆರಿಕದ ಕಂಪನಿಗಳ ಅಂಗಳದಲ್ಲಿ. ಅದರ ಮೂಲಪುರುಷರಲ್ಲೊಬ್ಬರು ಬರೋಡಾದಲ್ಲಿ ಓದಿ ಇಂಟೆಲ್ ಸೇರಿದ ಅಜಯ್ ಭಟ್. ನನ್ನ ಜಾತಕ ಹೊರಬಿದ್ದದ್ದು 2014ರ ಆಗಸ್ಟ್‌ನಲ್ಲಿ. ಅದನ್ನು ಬರೆದದ್ದು ಉದ್ಯಮಗಳ ಒಕ್ಕೂಟವೇ ಹೊರತು ಯಾವ ಸರ್ಕಾರವೂ ಅಲ್ಲ. ಯುರೋಪು ಮಾಡಿದ್ದು ಮದುವೆ ಮಾತ್ರ, ಅದೂ ಹೆಣ್ಣಿನ ಕಡೆಯವರನ್ನು ಹೆದರಿಸಿ. 2009ರ ಸುಮಾರಿಗೆ ಇಲ್ಲಿ 30 ಬಗೆಯ ಚಾರ್ಜರುಗಳಿದ್ದವು. ಯುರೋಪಿಯನ್ ಆಯೋಗ ಕಂಪನಿಗಳನ್ನು ಕೂರಿಸಿಕೊಂಡು, ನೀವು ನೀವೇ ಹೊಂದಿಕೊಳ್ಳಿ ಎಂದಿತು. ಮೈಕ್ರೋ ಯುಎಸ್‌ಬಿಗೆ ರುಜು ಬಿತ್ತು, ಆಪಲ್‌ನದೂ ಬಿತ್ತು. ಆದರೆ ಒಂದು ಅಡಾಪ್ಟರ್ ಕೊಟ್ಟರೂ ನಡೆಯುತ್ತದೆ ಎಂಬ ಕಿಂಡಿ ಅದರಲ್ಲಿತ್ತು. ಆ ಕಿಂಡಿಯಲ್ಲಿ ನುಸುಳಿ 2012ರಲ್ಲಿ ಆಪಲ್‌ನವರು ಲೈಟ್ನಿಂಗ್ ಎಂಬ ತಮ್ಮದೇ ಬಾಯಿ ತಂದರು. ಹತ್ತು ವರ್ಷ ಕಾದ ಮೇಲೆ, 2022ರ ಅಕ್ಟೋಬರ್ 4ರಂದು, ಎದುರಿಗಿರುವ ಈ ಕಟ್ಟಡದವರು 602 ಮತಗಳಿಂದ ನನ್ನನ್ನು ಕಡ್ಡಾಯ ಮಾಡಿದರು. ವಿರೋಧಿಸಿದವರು 13 ಜನ. ಮರುವರ್ಷದ ಐಫೋನ್ 15ರಲ್ಲಿ, ಗಡುವಿಗೆ ವರ್ಷಕ್ಕೂ ಮೊದಲೇ, ನಾನಿದ್ದೆ.

ಪ್ರಶ್ನೆ: ಇದು ಮಾರುಕಟ್ಟೆಯ ಕತ್ತು ಹಿಸುಕಿದಂತೆ, ಹೊಸ ಆವಿಷ್ಕಾರಕ್ಕೆ ಬೀಗ ಜಡಿದಂತೆ ಎನ್ನುವವರಿದ್ದಾರೆ.

ಟೈಪ್-ಸಿ: ಆ ಮಾತು ಹೇಳುವವರು ಲೈಟ್ನಿಂಗ್‌ನ ಚರಿತ್ರೆ ಓದಿಲ್ಲ. ಯಾವ ಸರ್ಕಾರದ ಕಾಟವೂ ಇಲ್ಲದೆ ಐಫೋನಿನಲ್ಲಿ 11 ವರ್ಷ ಕೂತಿದ್ದ ಆ ಬಾಯಿ, ದತ್ತಾಂಶ ಸಾಗಿಸುವ ವೇಗದಲ್ಲಿ ಕೊನೆಯವರೆಗೂ 2000ನೇ ಇಸವಿಯ ಯುಎಸ್‌ಬಿ 2.0 ಮಟ್ಟದಲ್ಲೇ ಉಳಿಯಿತು. ಬೀಗ ಜಡಿದವರು ಯಾರು ಹಾಗಾದರೆ? ಅದೇ ಕಂಪನಿ 2015ರ ಮ್ಯಾಕ್‌ಬುಕ್ಕಿಗೂ 2018ರ ಐಪ್ಯಾಡ್ ಪ್ರೊಗೂ ನನ್ನನ್ನು ತಾನಾಗಿಯೇ ಬರಮಾಡಿಕೊಂಡಿತ್ತು. ಫೋನಿಗೆ ಮಾತ್ರ ಬೇಡವಾದೆ, ಯಾಕೆಂದರೆ ಫೋನಿನ ತಂತಿಗೆ ಪರವಾನಗಿ ಕೊಟ್ಟು ಕಾಸು ಎಣಿಸುವ ಏರ್ಪಾಡು ಅಲ್ಲಿತ್ತು. ಮುಕ್ತ ಮಾರುಕಟ್ಟೆ ಎಂದು ಕೂಗುವವರು ಎಷ್ಟೋ ಸಲ ಕಾಯುತ್ತಿರುವುದು ತಮ್ಮ ಸುಂಕದ ಕಟ್ಟೆಯನ್ನು. ಕಾನೂನಿನಲ್ಲಿ ಅಪಾಯವೇ ಇಲ್ಲ ಎನ್ನುತ್ತಿಲ್ಲ. ನನಗಿಂತ ಒಳ್ಳೆಯ ಬಾಯಿ ನಾಳೆ ಹುಟ್ಟಿದರೆ ಅದು ಬಾಗಿಲಲ್ಲಿ ಅರ್ಜಿ ಹಿಡಿದು ನಿಲ್ಲಬೇಕು. ತಂತ್ರಜ್ಞಾನ ಬದಲಾದಂತೆ ನಿಯಮ ತಿದ್ದುವ ಅಧಿಕಾರವನ್ನು ಆಯೋಗ ಇಟ್ಟುಕೊಂಡಿದೆ, ನಿಜ. ಸರ್ಕಾರಿ ಕಡತ ಎಷ್ಟು ಬೇಗ ನಡೆಯುತ್ತದೆಂದು ನಿಮ್ಮ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಆದರೂ ಒಂದು ಹಳೆಯ ಸಾಕ್ಷಿ ಇದೆ. 1987ರಲ್ಲಿ ಇದೇ ಯುರೋಪು 900 ಮೆಗಾಹರ್ಟ್ಸ್ ತರಂಗಪಟ್ಟಿಯನ್ನು ಒಂದೇ ಮಾನದಂಡಕ್ಕೆ, ಜಿಎಸ್‌ಎಂಗೆ, ಕಾನೂನಿನಿಂದ ಮೀಸಲಿಟ್ಟಿತು. ಅದರಿಂದ ಮಾರುಕಟ್ಟೆ ಸಾಯಲಿಲ್ಲ, ಹುಟ್ಟಿತು. ನೋಕಿಯಾ, ಎರಿಕ್ಸನ್ ಬೆಳೆದದ್ದು ಆ ನೆಲದಲ್ಲಿ. 1995ರ ಜುಲೈ 31ರಂದು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಕೋಲ್ಕತ್ತದಿಂದ ದಿಲ್ಲಿಯಲ್ಲಿದ್ದ ಕೇಂದ್ರ ಸಂಪರ್ಕ ಸಚಿವ ಸುಖ್ ರಾಮ್ ಅವರಿಗೆ ಭಾರತದ ಮೊದಲ ಮೊಬೈಲ್ ಕರೆ ಮಾಡಿದ್ದೂ ಜಿಎಸ್‌ಎಂ ಜಾಲದಲ್ಲೇ.

ಪ್ರಶ್ನೆ: ಅಂದರೆ ನಿಯಮವೇ ಯುರೋಪಿನ ಬಲ ಎಂದು ಈ ಚೌಕದವರು ಬೀಗುವುದು ಸರಿಯೇ ಆಯಿತು.

ಟೈಪ್-ಸಿ: ಅಲ್ಲೇ ಎಡವುವುದು. ಕೊಲಂಬಿಯಾ ವಿಶ್ವವಿದ್ಯಾಲಯದ ಅನು ಬ್ರಾಡ್‌ಫರ್ಡ್ ಇದಕ್ಕೆ ಬ್ರಸೆಲ್ಸ್ ಪರಿಣಾಮ ಎಂದು ಹೆಸರಿಟ್ಟರು: ಇಲ್ಲಿ ನಿಯಮ ಮಾಡಿದರೆ ಜಗತ್ತೇ ಪಾಲಿಸುತ್ತದೆ ಎಂದು. ಹೆಸರು ಕೇಳಿದ್ದೇ ಇಲ್ಲಿಯವರಿಗೆ ಹೊಟ್ಟೆ ತುಂಬಿತು. ಇಂಥ ಬಲ ಮೊದಲು ನಿಂತಿರುವುದೇ ದೊಡ್ಡ ಮಾರುಕಟ್ಟೆಯ ಮೇಲೆ ಎಂದು ಆಕೆ ಬರೆದದ್ದನ್ನು ಮರೆತರು. ನನ್ನ ಬಗೆಗಿನ ಇದೇ ಕಾನೂನನ್ನು 20 ಲಕ್ಷ ಜನರ ಒಂದು ದೇಶ ಮಾಡಿದ್ದರೆ ಕಂಪನಿಗಳು ನಕ್ಕು, ಆ ದೇಶಕ್ಕೆ ಫೋನು ಕಳಿಸುವುದನ್ನೇ ನಿಲ್ಲಿಸುತ್ತಿದ್ದವು. ಇಲ್ಲಿ ಸುಮಾರು 45 ಕೋಟಿ ಜನ ಇದ್ದಾರೆ, ಕೈಯಲ್ಲಿ ದುಡ್ಡಿದೆ. ಕಂಪನಿ ತಲೆಬಾಗಿದ್ದು ಗಿರಾಕಿಗೆ. ಶಾಸಕ ಅದನ್ನು ತನಗೆ ಹೊಡೆದ ಸಲಾಮು ಎಂದುಕೊಂಡ. ಬ್ರಿಟನ್ನನ್ನೇ ನೋಡಿ. ಒಕ್ಕೂಟದ ನಿಯಮ ಬೇಡವೆಂದು ಹೊರಟಿತು. ಉತ್ತರ ಐರ್ಲೆಂಡಿಗೆ ಈ ಚಾರ್ಜರ್ ನಿಯಮ ಒಪ್ಪಂದದ ಪ್ರಕಾರವೇ ಅನ್ವಯಿಸಿತು. ಉಳಿದ ಕಡೆಗೆ ಕಾನೂನಿಲ್ಲದಿದ್ದರೂ ನಾನು ಬಂದಿಳಿದೆ. ಎರಡು ಬಗೆಯ ಫೋನು ಮಾಡುವ ಖರ್ಚು ಯಾರಿಗೆ ಬೇಕು?

ಪ್ರಶ್ನೆ: ಗಿರಾಕಿಯ ಬಲವೂ ಬಲವೇ ತಾನೆ? ಅದರಲ್ಲಿ ನಾಚಿಕೆಯೇನು?

ಟೈಪ್-ಸಿ: ನಾಚಿಕೆ ಏನೂ ಇಲ್ಲ, ನಿಮಗಿಂತ ದೊಡ್ಡ ಗಿರಾಕಿ ಅಂಗಡಿಗೆ ಬರುವವರೆಗೆ. 2025ರ ಜುಲೈನಲ್ಲಿ ಸ್ಕಾಟ್ಲೆಂಡಿನ ಟರ್ನ್‌ಬೆರಿಯಲ್ಲಿ, ಟ್ರಂಪ್ ಅವರದೇ ಗಾಲ್ಫ್ ರೆಸಾರ್ಟಿನಲ್ಲಿ, ಆಯೋಗದ ಅಧ್ಯಕ್ಷೆ ಫಾನ್ ಡೆರ್ ಲೆಯೆನ್ ಕೈಕುಲುಕಿ ತಮ್ಮ ಬಹುಪಾಲು ಸರಕಿನ ಮೇಲೆ ಶೇ. 15 ಸುಂಕಕ್ಕೆ ಒಪ್ಪಿ ಬಂದರು. ಮರುತಿಂಗಳು ಡಿಜಿಟಲ್ ತೆರಿಗೆ, ಡಿಜಿಟಲ್ ನಿಯಮಗಳಿರುವ ದೇಶಗಳ ಮೇಲೆ ಇನ್ನಷ್ಟು ಸುಂಕ ಹೇರುವೆನೆಂದು ಟ್ರಂಪ್ ಗುಡುಗಿದರು. ಆ ಗುರುವಾರಗಳಲ್ಲಿ ಈ ಚೌಕದಲ್ಲಿ ದುಃಖವೋ ದುಃಖ. ಮುಕ್ತ ವ್ಯಾಪಾರದ ಕೊಲೆಯಾಯಿತು ಎಂದರು. ಇವರು ನಿಯಮದಲ್ಲಿ ಮಾಡಿದ್ದನ್ನೇ ಅವರು ಸುಂಕದಲ್ಲಿ ಮಾಡಿದರು: ನನ್ನ ಅಂಗಡಿ ಬೀದಿಗೆ ಬರಬೇಕಾದರೆ ನನ್ನ ಮಾತು ಕೇಳು. ಒಂದು ಒಳ್ಳೆಯ ಕೆಲಸಕ್ಕೆ ಬಳಕೆಯಾಯಿತು, ಇನ್ನೊಂದು ಕೆಟ್ಟದ್ದಕ್ಕೆ ಎನ್ನಿ, ಒಪ್ಪುತ್ತೇನೆ. ದೊಣ್ಣೆ ಒಂದೇ ಮರದ್ದು.

ಪ್ರಶ್ನೆ: ಹಾಗಿದ್ದರೆ ನಿಯಮಗಳೇ ಯುರೋಪನ್ನು ಮುಳುಗಿಸಿದವು ಎನ್ನುವವರ ವಾದ?

ಟೈಪ್-ಸಿ: ಅದು ಇನ್ನೊಂದು ಮೇಜಿನ ಕುರುಡು. ಜಗತ್ತಿನ ಅತ್ಯಾಧುನಿಕ ಚಿಪ್ಪು ಕೊರೆಯುವ ಇಯುವಿ ಯಂತ್ರ ಮಾಡುವ ಕಂಪನಿ ಒಂದೇ ಒಂದು, ಎಎಸ್‌ಎಂಎಲ್. ಅದಿರುವುದು ಇದೇ ನಿಯಮಗಳಡಿ, ನೆದರ್ಲೆಂಡ್ಸ್‌ನಲ್ಲಿ. ರೋಗ ಬೇರೆ ಕಡೆಯಿದೆ. 2024ರ ಸೆಪ್ಟೆಂಬರ್‌ನಲ್ಲಿ ಇಟಲಿಯ ಮಾಜಿ ಪ್ರಧಾನಿ ಮಾರಿಯೋ ದ್ರಾಗಿ ಕೊಟ್ಟ ವರದಿ ನಿಯಮಗಳ ಹೊರೆಯನ್ನೂ ಬೈಯಿತು, ಆದರೆ ಅಷ್ಟಕ್ಕೇ ನಿಲ್ಲಲಿಲ್ಲ: ಬಂಡವಾಳವಿಲ್ಲ, 27 ದೇಶಗಳ ಮಾರುಕಟ್ಟೆ ಇನ್ನೂ ಒಂದಾಗಿಲ್ಲ, ವರ್ಷಕ್ಕೆ 75ರಿಂದ 80 ಸಾವಿರ ಕೋಟಿ ಯುರೋ ಹೆಚ್ಚು ಹೂಡದೆ ದಾರಿಯಿಲ್ಲ ಎಂದಿತು. ಜಗತ್ತಿನ ಮೊದಲ 50 ತಂತ್ರಜ್ಞಾನ ಕಂಪನಿಗಳಲ್ಲಿ ಯುರೋಪಿನವು ನಾಲ್ಕೇ ಎಂಬ ಲೆಕ್ಕವೂ ಅದರಲ್ಲಿದೆ. 2023ರಲ್ಲಿ ಆಯೋಗ ಡಿಜಿಟಲ್ ಮಾರುಕಟ್ಟೆಯ ದ್ವಾರಪಾಲಕರೆಂದು ಆರು ಕಂಪನಿಗಳನ್ನು ಗುರುತಿಸಿ ಮೂಗುದಾರ ತಂದಿತು. ಐದು ಅಮೆರಿಕದವು, ಒಂದು ಚೀನೀಯರದು. ಮೂಗುದಾರ ಗಟ್ಟಿಯಾಗಿದೆ, ಕೊಟ್ಟಿಗೆಯಲ್ಲಿ ಸ್ವಂತ ಎತ್ತಿಲ್ಲ. ಕೃತಕ ಬುದ್ಧಿಮತ್ತೆಗಂತೂ ಕೂಸು ಹುಟ್ಟುವ ಮುಂಚೆಯೇ ಕುಲಾವಿ ಹೊಲಿದರು: 2024ರ ಆಗಸ್ಟ್ 1ಕ್ಕೆ ಕಾಯ್ದೆ ಜಾರಿಗೆ ಬಂತು, 2025ರ ನವೆಂಬರ್‌ನಲ್ಲಿ ಅದರ ಕಠಿಣ ಭಾಗಗಳನ್ನು ಮುಂದೂಡುವ ಪ್ರಸ್ತಾವವನ್ನು ಆಯೋಗವೇ ತಂದಿತು. ನನ್ನ ವಿಷಯದಲ್ಲಿ ಕಾನೂನು ಗೆದ್ದದ್ದು ಯಾಕೆಂದರೆ ನಾನು ಆಗಲೇ ಎಂಟು ವರ್ಷ ದುಡಿದ ವಸ್ತುವಾಗಿದ್ದೆ. ಇರುವ ವಸ್ತುಗಳ ಜಗಳವನ್ನು ಕಾನೂನು ಬಗೆಹರಿಸೀತು. ಇಲ್ಲದ್ದನ್ನು ಅದು ಹಡೆಯುವುದಿಲ್ಲ.

ಪ್ರಶ್ನೆ: ನಿಮ್ಮ ಮೇಲೆ ದೂರುಗಳೇ ಇಲ್ಲವೆ?

ಟೈಪ್-ಸಿ: ಒಂದಿದೆ, ಅದೂ ನ್ಯಾಯವಾದದ್ದೇ. ಬಾಯಿ ಒಂದೇ ಮಾಡಿದರು, ಗಂಟಲು ಒಂದೇ ಆಗಲಿಲ್ಲ. ಅದೇ ಐಫೋನ್ 15ರಲ್ಲಿ ದುಬಾರಿಯ ಪ್ರೊ ಮಾದರಿಗೆ ಸೆಕೆಂಡಿಗೆ 10 ಗಿಗಾಬಿಟ್ ವೇಗ ಬಂತು, ಸಾದಾ ಮಾದರಿಗೆ ಮತ್ತೆ ಆ ಯುಎಸ್‌ಬಿ 2.0. ತಂತಿಗಳಲ್ಲೂ ಒಂದು 60 ವ್ಯಾಟ್ ಹೊರುತ್ತದೆ, ಇನ್ನೊಂದು 240. ತುದಿ ನೋಡಿದರೆ ಅಣ್ಣತಮ್ಮಂದಿರು. 2026ರ ಏಪ್ರಿಲ್ 28ರಿಂದ ಲ್ಯಾಪ್‌ಟಾಪುಗಳೂ ನನ್ನ ಕಾನೂನಿನಡಿ ಬರುವುದರಿಂದ ಈ ಗಲಿಬಿಲಿ ಹೆಚ್ಚೇ ಆದೀತು. ನಿಮ್ಮ ದೇಶದ ಮಾನಕ ಬ್ಯೂರೊ ಕೂಡ 2023ರ ಜನವರಿಯಲ್ಲೇ ನನ್ನ ಮಾನಕವನ್ನು ಪ್ರಕಟಿಸಿದೆ, ಆದ್ದರಿಂದ ನಿಮ್ಮ ಓದುಗರಿಗೆ ಒಂದು ಮಾತು ತಲುಪಿಸಿ: ತಂತಿ ಕೊಳ್ಳುವಾಗ ನನ್ನ ಮುಖ ನೋಡಿ ಮೋಸ ಹೋಗಬೇಡಿ, ಪೊಟ್ಟಣದ ಮೇಲೆ ಎಷ್ಟು ವ್ಯಾಟ್ ಎಂದು ಬರೆದಿದೆಯೋ ಅದನ್ನು ಓದಿ.